ಬಾನೆಟ್ಟಿನ ಕೆಳಗೆ ಕುಂಕುಮ

ಪಿತೃಪಕ್ಷ ಹಿಡಿದ ಮೂರನೇ ದಿನ, ಸೋಮವಾರ, ಹಗಲು ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇರುವಾಗ ಕಾರಿನ ಬಾನೆಟ್ ತಿಕ್ಕುತ್ತಿದ್ದ ಬೂಬನ ಪಾಲಿಶ್ ಪೇಪರಿಗೆ ಕಪ್ಪು ಬಣ್ಣ ಹತ್ತಿತು.

ಅವನು ಕೈ ನಿಲ್ಲಿಸಿದ. ಡಬ್ಬಿಯ ನೀರಿನಲ್ಲಿ ಪೇಪರನ್ನು ಅದ್ದಿ, ಅದೇ ಜಾಗವನ್ನು ಇನ್ನೊಮ್ಮೆ ತಿಕ್ಕಿದ. ಮೇಲೆ ಕೆನೆಬಣ್ಣ, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಬರಿ ತಗಡು ಕಾಣಬೇಕಿತ್ತು. ತಗಡು ಕಾಣಲಿಲ್ಲ. ಕಪ್ಪು ಬಂತು.

ನಾಲ್ಕು ಬಾಗಿಲು, ಡಿಕ್ಕಿ, ಮಡ್‌ಗಾರ್ಡು ಎಲ್ಲವನ್ನೂ ಅವನು ಆಗಲೇ ತಿಕ್ಕಿ ಮುಗಿಸಿದ್ದ. ಎಲ್ಲಿಯೂ ಕೆನೆಯ ಕೆಳಗೆ ಕಪ್ಪು ಇರಲಿಲ್ಲ. ಬಾನೆಟ್ ಒಂದಕ್ಕೇ ಇತ್ತು. ಈ ಕಡೆ ಕಪ್ಪು ಬಾನೆಟ್ಟಿನ ಫಿಯಾಟ್ ಎಂದರೆ ಒಂದೇ ಅರ್ಥ. ಅದು ಟ್ಯಾಕ್ಸಿಯದ್ದು.

ಆದರೆ ಧಣಿ ದೊಡ್ಡ ಪಡ್ಡಿಲ್ಲಾಯರ ಈ ಫಿಯಾಟ್ ಯಾವತ್ತೂ ಟ್ಯಾಕ್ಸಿಯಾಗಿರಲಿಲ್ಲ. ಡೊಂಬಿವಲಿಯ ಅವರ ಹೋಟೆಲಿನ ಎದುರು ಅದು ಹೊಸದಾಗಿ ಬಂದು ನಿಂತ ದಿನದಿಂದ ಕೆನೆಬಣ್ಣದ್ದೇ.

ಇಪ್ಪತ್ತೆಂಟು ವರ್ಷದ ಹಿಂದೆ ಮಹಾನವಮಿಯ ದಿನ ಈ ಕಾರು ತೆಗೆದುಕೊಂಡು ಹೋದ ಡ್ರೈವರ್ ಕಿಟ್ಟು, ಬೂಬನ ತಂಗಿ ಸುಂದರಿಯ ಗಂಡ, ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ದಿನ ಕಳೆದು ಕಾರು ಮಾತ್ರ ಕಲ್ಯಾಣ ಸ್ಟೇಷನ್ನಿನ ಹೊರಗೆ, ಒಂದು ಗೀರೂ ಇಲ್ಲದೆ ಸಿಕ್ಕಿತ್ತು.

ಗೀರು ಇಲ್ಲ, ಆದ್ದರಿಂದ ಅಪಘಾತ ಇಲ್ಲ. ಸ್ಟೇಷನ್ ಹತ್ತಿರ ಸಿಕ್ಕಿದೆ, ಆದ್ದರಿಂದ ರೈಲು ಹತ್ತಿದ್ದಾನೆ. ಹೆಂಡತಿಯನ್ನು ಬಿಟ್ಟು ಹತ್ತಿದ್ದಾನೆ, ಆದ್ದರಿಂದ ಇನ್ನೊಬ್ಬಳಿದ್ದಾಳೆ. ಪೊಲೀಸರು ಹಾಗೆ ಹೇಳಿದರು, ಚಾಳಿನ ನೆರೆಮನೆಯವರು ಹಾಗೆ ಹೇಳಿದರು. ಕೊನೆಗೆ ಬೂಬನೂ ಹಾಗೆಯೇ ಹೇಳಿದ್ದ. "ಓಡಿ ಹೋದವನಿಗೆ ಎಂತ ಕಾಯುವುದು, ಮರೆತು ಬಿಡು" ಎಂದು ತಂಗಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದ. ಅವಳು ಅವನನ್ನು ನೋಡಿದ ರೀತಿ ಅವನಿಗೆ ಈಗಲೂ ನೆನಪಿತ್ತು. ಸಿಟ್ಟಿನ ನೋಟವಾಗಿರಲಿಲ್ಲ ಅದು. ಆಮೇಲೆ ಅವಳು ಬದಲಾಪುರದಲ್ಲಿ, ಇವನು ದಿವಾದಲ್ಲಿ. ಒಂದೇ ರೈಲು ಲೈನಿನ ಎರಡು ಸ್ಟೇಷನ್ನು.

ಪೊಲೀಸ್ ಠಾಣೆಯಲ್ಲಿ ಅವಳು ಬರೆಸಿದ್ದೂ ಅವನಿಗೆ ಬಾಯಿಪಾಠ. "ನವಮಿ ಬೆಳಗ್ಗೆ ಹೋದವರು ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಮೈಮೇಲೆ ಖಾಕಿ ಅಂಗಿ. ಕೊರಳಿನ ಗುಂಡಿ ಮಾತ್ರ ನೀಲಿ. ನಾನೇ ಹೊಲಿದದ್ದು."

ತಂಗಿಯ ಗಂಡ ಸಿಗಲಿ, ಆಮೇಲೆ ನನ್ನ ಮದುವೆಯ ಮಾತು ಎಂದುಕೊಂಡಿದ್ದ ಬೂಬನಿಗೆ ಈಗ ಅರವತ್ತೇಳು.

ಅವನು ಬಾನೆಟ್ಟನ್ನು ಬಿಚ್ಚಿ, ಎರಡು ಸ್ಟೂಲುಗಳ ಮೇಲೆ ಬೋರಲಾಗಿ ಹಾಕಿದ. ತುರ್ಭೆಯ ಈ ಶೆಡ್ಡು ಅವನದ್ದಲ್ಲ, ಒಂದೇ ಮೇಸ್ತ್ರಿಯ ಕೈಕೆಳಗೆ ಅವನ ಜೊತೆ ಕೆಲಸ ಕಲಿತ ಯಶ್ವಂತನದ್ದು. ಪಡ್ಡಿಲ್ಲಾಯರ ಮಗ ಕಾರನ್ನು ಬೂಬನಿಗೆ ಒಪ್ಪಿಸಿದ ದಿನ ಯಶ್ವಂತ ಕಾರಿನ ಸುತ್ತ ಒಂದು ಸುತ್ತು ಬಂದು ಹೇಳಿದ್ದ: "ಬಾನೆಟ್ ಚಂದ ಉಂಟು ಮಾರಾಯ. ಅದನ್ನು ಕೆದಕಬೇಡ, ಮೇಲಿಂದ ಮೇಲೆ ತಿಕ್ಕಿ ಬಣ್ಣ ಹೊಡಿ."

ಆ ದಿನ ಅದು ಬರಿ ಸೋಮಾರಿತನದ ಮಾತಿನ ಹಾಗೆ ಕೇಳಿಸಿತ್ತು.

ಬಾನೆಟ್ಟಿನ ಒಳಮೈಯಲ್ಲಿ, ಎಡ ಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ ಬಣ್ಣ ಉಬ್ಬಿಕೊಂಡಿತ್ತು. ಬೂಬ ಪೇಪರನ್ನು ಬೆರಳಿಗೆ ಸುತ್ತಿಕೊಂಡು ಮೆಲ್ಲಗೆ ತಿಕ್ಕಿದ. ಕೆನೆ ಹೋಯಿತು, ಬೂದು ಹೋಯಿತು. ಅಲ್ಲಿ ಕಪ್ಪು ಇರಲಿಲ್ಲ. ಯಾರೋ ಆ ಒಂದು ಉಗುರಗಲ ಜಾಗವನ್ನು ಮೊದಲೇ ಕೆರೆದು ತಗಡು ಕಾಣಿಸಿದ್ದರು. ತಗಡಿನ ಮೇಲೆ ಕೆಂಪು ಬೊಟ್ಟು.

ಬೆರಳಿನ ತುದಿಗೆ ಅದು ಹುಡಿಯಾಗಿ ಬಂತು. ಬಣ್ಣ ಹುಡಿಯಾಗಿ ಬರುವುದಿಲ್ಲ.

ಬೂಬ ಸ್ಟೂಲಿನ ಪಕ್ಕದಲ್ಲಿ ನೆಲಕ್ಕೆ ಕೂತ.

ಠಾಣೆ ಊರಿನ ಕೊಪರಿ ಕಡೆ ಗುರುವಪ್ಪ ಮೇಸ್ತ್ರಿಯ ಗ್ಯಾರೇಜ್ ಇದ್ದ ಕಾಲ. ಮೇಸ್ತ್ರಿ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಒಂದು ಗಾಡಿಗೆ ಬೇರೆ ತಗಡು ಸೇರಿಸುವ ಮೊದಲು ಅದರ ಒಳಮೈಯ ಎಡಮೂಲೆ ಕೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡಬೇಕು, ಆಮೇಲೆಯೇ ಬಣ್ಣ. "ಸೊಸೆ ಮನೆ ಹೊಕ್ಕುವಾಗ ಹಣೆ ಬರಿದಾಗಿ ಬರುತ್ತಾಳಾ?" ಎನ್ನುತ್ತಿದ್ದರು. ಬೇರೆ ಗ್ಯಾರೇಜಿನವರು ನಗುತ್ತಿದ್ದರು. ಆ ಪದ್ಧತಿ ಕಲಿತವರು ಇಬ್ಬರೇ. ಮೇಸ್ತ್ರಿ ಸತ್ತು ಹತ್ತೊಂಬತ್ತು ವರ್ಷ. ಉಳಿದವರಲ್ಲಿ ಒಬ್ಬ ಬೂಬ. ಈ ಬೊಟ್ಟು ಅವನು ಇಟ್ಟದ್ದಲ್ಲ.

ಮಧ್ಯಾಹ್ನ ಸುದರ್ಶನ ಪಡ್ಡಿಲ್ಲಾಯ ಬಂದ. ತಂದೆ ಹೋದ ವರ್ಷ ತೀರಿಕೊಂಡ ಮೇಲೆ ಹೋಟೆಲ್ ನೋಡಿಕೊಳ್ಳುವವ ಅವನೇ. ಕಾರಿಗೆ ಹೊಸದೊಂದೂ ಸೇರಬಾರದು, ಕಂಪೆನಿಯಿಂದ ಇಳಿದ ದಿನ ಹೇಗಿತ್ತೋ ಹಾಗೆಯೇ ಆಗಬೇಕು ಎನ್ನುವುದು ಅವನ ಹಟ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇತ್ತು.

"ನೋಡಿ ಬೂಬಣ್ಣ. ಕುರ್ಲಾದ ಭಂಗಾರ್ ಬಾಜಾರ್, ಗುಜರಿ ಅಂಗಡಿ ಪೂರಾ ಸುತ್ತಿದೆ. ಬಾನೆಟ್ಟಿನ ಮೂತಿಗೆ ಹಾಕುವ ಕಂಪೆನಿ ಬಿಲ್ಲೆ ಎಲ್ಲ ಡುಪ್ಲಿಕೇಟ್. ಒಂದೂ ಅಸಲಿ ಇಲ್ಲ."

"ಅಸಲಿ ಹೇಗಿತ್ತು ಅಂತ ನನಗೆ ಗೊತ್ತುಂಟು ಸಣ್ಣ ಧಣಿ. ಬಿಲ್ಲೆಯ ಎಡದ ಮೂಲೆ ಮುರಿದಿತ್ತು. ನಾನೇ ಬೆಸುಗೆ ಹಾಕಿದ್ದು. ಸ್ವಲ್ಪ ಉಬ್ಬು ಉಳಿದು ನಿಮ್ಮ ಅಪ್ಪನಿಂದ ಬೈಸಿಕೊಂಡಿದ್ದೆ."

ಸುದರ್ಶನ ನಕ್ಕ. "ಆ ಉಬ್ಬಿನ ಜೊತೆಗೇ ಬೇಕಾಗಿತ್ತು ನನಗೆ."

"ಅಪ್ಪ ಬಾನೆಟ್ ಬದಲಿಸಿದ ಸಂಗತಿ ಯಾವತ್ತಾದರೂ ಹೇಳಿದ್ದುಂಟಾ?"

"ಅಪ್ಪನಾ? ಆ ಕಾರಿನ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು." ಅವನು ಬೋರಲು ಬಿದ್ದ ಬಾನೆಟ್ಟನ್ನೂ ಬೂಬನ ಮುಖವನ್ನೂ ನೋಡಿದ. "ಪೊಲೀಸರು ವಾಪಸು ಕೊಟ್ಟ ಮೇಲೆ ಅದರಲ್ಲಿ ಕೂರಲಿಲ್ಲ. ಮಾರುತ್ತೇನೆ ಅಂದರೆ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ತಾಡಪತ್ರಿ ಹೊದಿಸಿ ಇಟ್ಟಿದ್ದರು. ಪ್ರತಿ ನವಮಿಗೆ ಹೋಟೆಲಿನ ಗಾಡಿಗಳಿಗೆಲ್ಲ ಹೂ ಹಾಕಿಸುತ್ತಿದ್ದರು, ಇದಕ್ಕೆ ಇಲ್ಲ. ಯಾಕೆ ಕೇಳಿದಿರಿ?"

"ಸುಮ್ಮನೆ," ಎಂದ ಬೂಬ.

ಆ ಸಂಜೆ ಅವನು ಠಾಣೆ ರೈಲು ಸ್ಟೇಷನ್ನಿನಲ್ಲಿ ಒಂದು ಲೋಕಲ್ ಗಾಡಿ ಬಿಟ್ಟ, ಎರಡು ಬಿಟ್ಟ. ಕಲ್ಲಿನ ಬೆಂಚಿನ ಮೇಲೆ ಕೂತು, ಏಳು ತಿಂಗಳ ಮೇಲೆ ತಂಗಿಗೆ ಫೋನ್ ಹಚ್ಚಿದ.

"ಯಾರು?"

"ನಾನು. ಬೂಬಣ್ಣ."

"ಹೂಂ. ಆರೋಗ್ಯ ಉಂಟಲ್ಲ?"

"ಉಂಟು. ಪಡ್ಡಿಲ್ಲಾಯರ ಕಾರು ರಿಪೇರಿಗೆ ನನ್ನ ಕೈಗೆ ಬಂದಿದೆ ಸುಂದರಿ. ಅದರ ಬಾನೆಟ್ ಅದರದ್ದಲ್ಲ. ಯಾರೋ ಬದಲಿಸಿದ್ದಾರೆ."

ಆ ಕಡೆ ಕುಕ್ಕರ್ ಕೂಗಿತು. ಇನ್ನೊಮ್ಮೆ ಕೂಗಿತು. ಅವಳು ಅದನ್ನು ಇಳಿಸಲು ಹೋದ ಸದ್ದು ಕೇಳಲಿಲ್ಲ.

"ಬಿಲ್ಲೆ ಸಿಗಲಿಲ್ಲ ಅಲ್ಲವಾ?" ಎಂದಳು.

"ಸಿಗಲಿಲ್ಲ. ಸಣ್ಣ ಧಣಿ ಹುಡುಕುತ್ತಿದ್ದಾನೆ. ಸುಂದರಿ, ನಾನು ಆವತ್ತು ಹೇಳಿದ ಮಾತು..."

"ಹೊತ್ತಿಗೆ ಸರಿಯಾಗಿ ಊಟ ಮಾಡು ಅಣ್ಣ," ಎಂದು ಅವಳು ಫೋನ್ ಇಟ್ಟಳು.

ಅವನು ದಿವಾದ ಕೋಣೆಗೆ ಹೋಗಿ, ಅನ್ನ ಬಸಿದು, ಉಪ್ಪಿನಕಾಯಿ ಹಾಕಿಕೊಂಡು ಉಂಡ. ಕಿಟಕಿಯ ಹೊರಗೆ ಗಾಡಿಗಳು ಒಂದರ ಹಿಂದೆ ಒಂದು ಹೋದವು. ಪ್ರತಿ ಗಾಡಿಗೂ ತಟ್ಟೆ ಸ್ವಲ್ಪ ಅದುರಿತು. ಕಿಟ್ಟು ಓಡಿ ಹೋದವನೋ, ಸತ್ತವನೋ? ಸತ್ತವನಾದರೆ ಸುಂದರಿ ಇಷ್ಟು ವರ್ಷ ಹೊತ್ತ ಅವಮಾನ ಅವಳದ್ದಲ್ಲ. ಅದನ್ನು ಅವಳ ತಲೆಗೆ ಕಟ್ಟಿದವರಲ್ಲಿ ಸ್ವಂತ ಅಣ್ಣನೂ ಒಬ್ಬ. ಅದನ್ನು ಇಳಿಸದೆ ತಾನು ಸಾಯುವ ಹಾಗಿಲ್ಲ.

ಉತ್ತರ ಗೊತ್ತಿದ್ದವ ಒಬ್ಬನೇ. ಯಶ್ವಂತ ಪನವೇಲಿನ ಮಗಳ ಮನೆಗೆ ಹೋಗಿದ್ದ. ಬಂದದ್ದು ಗುರುವಾರ.

ಬಂದವನು ಎಂದಿನ ಹಾಗೆ ಮಧ್ಯಾಹ್ನ ಡಬ್ಬಿ ಬಿಚ್ಚಿ, ಎರಡು ತಟ್ಟೆಗೆ ಬಡಿಸಿದ. ಯಶ್ವಂತನ ಹೆಂಡತಿ ಯಾವತ್ತೂ ಇಬ್ಬರಿಗೆ ಸಾಕಾಗುವಷ್ಟು ಕಟ್ಟಿ ಕೊಡುತ್ತಿದ್ದಳು. ಬೂಬನಿಗೆ ಮನೆಯ ಅಡಿಗೆ ಎಂದರೆ ಅದೊಂದೇ. ಈ ಊರಿನಲ್ಲಿ ಗೆಳೆಯ ಎಂದರೂ ಅವನೊಬ್ಬನೇ.

"ಕೂರು ಮಾರಾಯ. ಬಂಗುಡೆ ಮೀನಿನ ಪುಳಿಮುಂಚಿ. ತಣ್ಣಗಾದರೆ ನಿನ್ನ ಮುಖದ ಹಾಗೆ ಆಗುತ್ತದೆ."

ಬೂಬ ಕೂರಲಿಲ್ಲ. ಸ್ಟೂಲುಗಳ ಮೇಲಿನ ಬಾನೆಟ್ಟಿಗೆ ಹೊದಿಸಿದ್ದ ಗೋಣಿಯನ್ನು ತೆಗೆದ.

"ಈ ಬೊಟ್ಟು ನಿನ್ನ ಕೈಯದ್ದು."

ಯಶ್ವಂತ ತಟ್ಟೆ ಹಿಡಿದುಕೊಂಡೇ ಎದ್ದು ಬಂದು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಹೋಗಿ ಕೂತು ಅನ್ನ ಕಲಸಿದ.

"ಹೌದಲ್ಲ. ಈಗ ನೆನಪಾಯಿತು. ಕಿಟ್ಟು ತಂದಿದ್ದ. ಶೀಳ್ ರಸ್ತೆಯಲ್ಲಿ ಎಮ್ಮೆಗೆ ಕುಟ್ಟಿದನಂತೆ. ಧಣಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ಕೈಕಾಲು ಹಿಡಿದ. ಬದಲಿಸಿ ಕೊಟ್ಟೆ."

"ಯಾವತ್ತು?"

"ಅವ ಓಡಿದ ದಿನವೇ. ನವಮಿ. ಬೆಳಗ್ಗೆ ತಂದ, ಸಂಜೆ ತೆಗೆದುಕೊಂಡು ಹೋದ. ಅಲ್ಲಿಂದ ಹಾಗೇ ಸ್ಟೇಷನ್ನಿಗೆ ಹೋಗಿರಬೇಕು."

"ನವಮಿಯಾ?"

"ನವಮಿ ಅಂದೆನಲ್ಲ. ಉಣ್ಣು."

ಬೂಬ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಬದಿಗೆ ಇಟ್ಟ. ಅವನಿಗೆ ಅವಸರ ಇರಲಿಲ್ಲ.

"ಆ ನವಮಿಗೆ ಮೇಸ್ತ್ರಿಯ ಗ್ಯಾರೇಜಿನಲ್ಲಿ ಹತ್ಯಾರು ತೊಳೆದದ್ದು ಯಾರು ಯಶ್ವಂತ?"

"ಯಾರು ಅಂದರೆ? ನಾವಿಬ್ಬರು."

"ಸುತ್ತಿಗೆ, ಪಾನಾ, ಗ್ಯಾಸ್, ಬಣ್ಣದ ಗನ್ನು. ಎಲ್ಲ ಸೀಮೆಣ್ಣೆಯಲ್ಲಿ ತೊಳೆದು, ಒರೆಸಿ, ದೇವಿಯ ಎದುರು ಸಾಲಾಗಿ ಇಟ್ಟು ಕುಂಕುಮ ಹಚ್ಚಿದೆವು. ಮರುದಿನ ಸಂಜೆ ಆರತಿ ಆಗುವವರೆಗೆ ಮುಟ್ಟುವ ಹಾಗಿಲ್ಲ. ಪಕ್ಕದ ರಿಕ್ಷಾದವ ಬಂದ. ಚಕ್ರದ ನಟ್ಟು ಸಡಿಲ ಆಗಿದೆ, ಒಂದು ಪಾನಾ ಕೊಡಿ ಅಂದ. ನೀನು ಎಂತ ಹೇಳಿದ್ದು?"

ಯಶ್ವಂತ ಮೀನಿನ ಮುಳ್ಳು ಆರಿಸಿ ತಟ್ಟೆಯ ಅಂಚಿಗೆ ಇಟ್ಟ.

"'ಬೇಕಾದರೆ ಹಲ್ಲಿನಿಂದ ತಿರುಗಿಸು' ಅಂದಿದ್ದಿ. ಅವ ಮರಾಠಿಯಲ್ಲಿ ನಿನ್ನ ಅಜ್ಜಿಯವರೆಗೆ ಬೈದು ಹೋದ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನವಮಿಯ ದಿನ ಒಂದು ಪಾನಾ ಕೊಡದವ ನೀನು ಬಾನೆಟ್ ಬಿಚ್ಚಿದ್ದು ಯಾವುದರಲ್ಲಿ? ಹಲ್ಲಿನಲ್ಲಾ?"

ಯಶ್ವಂತನ ಕೈ ಅನ್ನದಲ್ಲಿಯೇ ನಿಂತಿತು. ಹೊರಗೆ ಗೋದಾಮಿನ ಲಾರಿಯೊಂದು ಹಿಂದಕ್ಕೆ ಬರುತ್ತ ಕೀಂಯ್ ಕೀಂಯ್ ಎಂದಿತು. ಅದು ನಿಂತ ಮೇಲೆ ಅವನು ಮಾತಾಡಿದ.

"ದಸರಾ ಸಂಜೆ."

"ಹೇಳು."

"ಆರತಿ ಆಗಿತ್ತು. ಮೇಸ್ತ್ರಿ ಅವಲಕ್ಕಿ ಹಂಚಿ ಮನೆಗೆ ಹೋಗಿದ್ದರು. ದೀಪ ಇನ್ನೂ ಆರಿರಲಿಲ್ಲ. ಕಾರು ಬಂತು. ಬಾನೆಟ್ ಜಜ್ಜಿ ಒಳಗೆ ಹೋಗಿತ್ತು."

"ಕಿಟ್ಟು?"

"ಕಿಟ್ಟು ಇರಲಿಲ್ಲ. ಬಿಟ್ಟುಕೊಂಡು ಬಂದದ್ದು ದೊಡ್ಡ ಧಣಿ. ತಾವೇ."

"ಒಬ್ಬರೇ?"

ಯಶ್ವಂತ ತಲೆ ಎತ್ತಿದ. "ಆ ದಿನ ನಿನ್ನನ್ನು ಕರ್ಜತಿಗೆ ಕಳಿಸಿದ್ದು ಯಾರು ಬೂಬಣ್ಣ?"

ಬೂಬನಿಗೆ ಆ ದಿನ ನೆನಪಾಯಿತು. ದಸರಾ ಮಧ್ಯಾಹ್ನ, ಕಿಟ್ಟು ರಾತ್ರಿ ಮನೆಗೆ ಬರಲಿಲ್ಲ ಎಂದು ಅಳುತ್ತ ಬಂದವಳು, ಕರ್ಜತಿನಲ್ಲಿ ಅವರ ದೋಸ್ತ ಒಬ್ಬ ಇದ್ದಾನೆ, ಹೋಗಿ ಕೇಳಿಕೊಂಡು ಬಾ ಎಂದಿದ್ದಳು. ಅವನು ಪೂಜೆಯ ಪ್ರಸಾದಕ್ಕೂ ನಿಲ್ಲದೆ ಹೋಗಿದ್ದ. ಅಂಥ ದೋಸ್ತ ಯಾರೂ ಅಲ್ಲಿ ಸಿಕ್ಕಿರಲಿಲ್ಲ.

"ಸುಂದರಿ," ಎಂದ.

"ಅವಳು ಧಣಿಯ ಪಕ್ಕದ ಸೀಟಿನಲ್ಲಿದ್ದಳು."

ಬೂಬ ಕಾರಿನ ಬಾಗಿಲಿಗೆ ಒರಗಿ ನಿಂತ.

"ಎಮ್ಮೆಗೆ ಕುಟ್ಟಿತು ಅಂದರು ಧಣಿ, ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ನಾನು ಕೇಳಲಿಲ್ಲ. ಧಣಿ ಸೀಟಿನಿಂದ ಇಳಿಯಲೇ ಇಲ್ಲ. ಅವಳು ಇಳಿದು ನೇರ ನನ್ನ ಹತ್ತಿರ ಬಂದಳು. ಗ್ಯಾರೇಜಿನ ಭಂಗಾರ್ ರಾಶಿಯಲ್ಲಿ ಟ್ಯಾಕ್ಸಿಯ ಬಾನೆಟ್ ಬಿದ್ದಿತ್ತು. ಅದನ್ನು ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದು ಆಗ ತಾನೇ ಪೂಜೆ ಆದ ಸುತ್ತಿಗೆಯ ಮೇಲೆ ಇಟ್ಟಳು. 'ಬೂಬಣ್ಣನಿಗೆ ಹೇಳುವುದಿಲ್ಲ ಅಂತ ಆಣೆ ಮಾಡು' ಅಂದಳು. ಮಾಡಿದೆ."

"ಇಪ್ಪತ್ತೆಂಟು ವರ್ಷ ನನ್ನ ಎದುರು ಕೂತು ಉಂಡೆಯಲ್ಲ."

"ಉಂಡೆ," ಎಂದ ಯಶ್ವಂತ. "ನೀನು ಅವನನ್ನು ಓಡಿ ಹೋದವ ಅಂತ ಬೈಯುವಾಗಲೂ ಉಂಡೆ. ಹತ್ಯಾರು ಮುಟ್ಟಿ ಕೊಟ್ಟ ಮಾತು ಬೂಬಣ್ಣ. ಅದರಿಂದಲೇ ಅನ್ನ ನನಗೆ."

"ಇವತ್ತು ಮುರಿದೆಯಲ್ಲ."

"ಹೌದು. ಇನ್ನು ಈ ಕೈಯಲ್ಲಿ ಸುತ್ತಿಗೆ ಹಿಡಿಯುವುದಿಲ್ಲ." ಅವನು ತಟ್ಟೆಯನ್ನು ದೂರ ಸರಿಸಿದ. "ಮುಂದಿನದ್ದು ನನಗೆ ಗೊತ್ತಿಲ್ಲ. ಅವಳನ್ನೇ ಕೇಳು."

ಎರಡನೆಯ ತಟ್ಟೆಯಲ್ಲಿ ಬೂಬನ ಪಾಲು ಹಾಗೆಯೇ ಇತ್ತು. ಅವನು ಅಂಗಿ ಹಾಕಿಕೊಂಡು ಹೊರಟ.

ತುರ್ಭೆಯಿಂದ ಠಾಣೆ, ಠಾಣೆಯಿಂದ ಬದಲಾಪುರದ ಗಾಡಿ. ಸಂಜೆಯ ನೂಕು ಇನ್ನೂ ಶುರುವಾಗಿರಲಿಲ್ಲ, ಕಿಟಕಿ ಸಿಕ್ಕಿತು. ದಿವಾ ಬಂತು, ತನ್ನ ಕಿಟಕಿ ಯಾವುದು ಎಂದು ಹೊರಗಿನಿಂದ ನೋಡಲು ಅವನಿಗೆ ತಿಳಿಯಲಿಲ್ಲ. ಡೊಂಬಿವಲಿ ಹೋಯಿತು. ಕಲ್ಯಾಣ ದಾಟುವಾಗ ಸೋಮವಾರದ ಫೋನು ಅವನಿಗೆ ಮತ್ತೆ ಮೊದಲಿಂದ ಕೇಳಿಸಿತು.

ಬಾನೆಟ್ ಅದರದ್ದಲ್ಲ ಎಂದಷ್ಟೇ ಅವನು ಹೇಳಿದ್ದ. ಬಿಲ್ಲೆಯ ಮಾತನ್ನು ಅವನು ಎತ್ತಿರಲೇ ಇಲ್ಲ. ಬಿಲ್ಲೆ ಸಿಗಲಿಲ್ಲ ಎಂದು ಸುಂದರಿಗೆ ಹೇಗೆ ಗೊತ್ತು?

ಮುಂದಿನ ಸ್ಟೇಷನ್ನುಗಳು ಅವನ ಕಣ್ಣಿಗೆ ಬೀಳಲಿಲ್ಲ.

ಸುಂದರಿಯ ಕೋಣೆ ಎರಡನೇ ಮಾಳಿಗೆಯಲ್ಲಿ, ಗ್ಯಾಲರಿಯ ಕೊನೆಗೆ. ಬಾಗಿಲಿಗೆ ಬೀಗ. ಹೊಸ್ತಿಲ ಎದುರಿನ ರಂಗೋಲಿ ಅರ್ಧ ಅಳಿಸಿಹೋಗಿತ್ತು. ಪಕ್ಕದ ಬಾಗಿಲಿನಲ್ಲಿ ಹೆಂಗಸೊಬ್ಬಳು ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ದ್ರೌಪದಿ ಎಂದು ಹೆಸರು, ವಿಜಾಪುರದ ಕಡೆಯವಳು. ಫೋನಿನಲ್ಲಿ ಸುಂದರಿ ಒಂದೆರಡು ಸಲ ಅವಳ ಹೆಸರು ಹೇಳಿದ್ದುಂಟು.

"ಯಾರ್ ಬೇಕ್ರಿ?"

"ಸುಂದರಿಯ ಅಣ್ಣ ನಾನು."

"ದಿವಾದಾಗಿನ ಅಣ್ಣಾನ?" ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಹತ್ತ ವರ್ಸ ಆತ್ರಿ ನಾ ಇಲ್ಲಿ ಬಂದು. ಒಂದಿನಾರ ಈ ಮೆಟ್ಲ ಹತ್ತಿಲ್ಲ ನೀವು. ಅಣ್ಣ ಅದಾನ ಅಂತ ಆಕಿ ಸುಳ್ಳ ಹೇಳ್ತಾಳ ಅಂದ್ಕೊಂಡಿದ್ದೆ."

ಬೂಬ ಅದನ್ನು ನುಂಗಿಕೊಂಡ. "ಎಲ್ಲಿಗೆ ಹೋಗಿದ್ದಾಳೆ?"

"ಪಿತೃಪಕ್ಷದ ಕೆಲಸ ಐತಿ ಅಂದ್ಲು. ಯಾರದು ಅಂದ್ನಿ. ನಮ್ಮ ಮನೆಯವರದು ಅಂದ್ಲು." ದ್ರೌಪದಿ ಸೊಪ್ಪನ್ನು ಕೆಳಗಿಟ್ಟಳು. "ಇಪ್ಪತ್ತೆಂಟು ವರ್ಸ ಅವರಿಗೆ ಒಂದು ಎಡಿ ಇಟ್ಟಿಲ್ಲ, ಈಗ ಅವರು ಇದ್ದಲ್ಲೇ ಹೋಗಿ ಇಡ್ತೀನಿ ಅಂದ್ಲು. ಗಂಡ ಓಡಿ ಹೋಗ್ಯಾನ ಅಂತಿದ್ರಲ್ರಿ ಎಲ್ಲಾರೂ?"

"ಹೌದು," ಎಂದ ಬೂಬ. "ಅಂತಿದ್ದೆವು."

"ಎಲ್ಲಿ ಅದಾರ ಅಂತ ಕೇಳಿದ್ರ ಬಾಯಿ ಬಿಡಲಿಲ್ಲ. ತಡೀರಿ, ನಿಮಗೊಂದು ಗಂಟ ಕೊಟ್ಟಾಳ. ಅಣ್ಣ ಬಂದೇ ಬರ್ತಾನ, ಗಾಡಿಗೆ ಬೇಕಾಕ್ಕೈತಿ, ಕೊಡು ಅಂದ್ಲು."

ಅವಳು ಒಳಗಿನಿಂದ ತಂದುಕೊಟ್ಟ ಗಂಟು ಎರಡು ಅಂಗೈಯಗಲ ಇತ್ತು, ಗಾತ್ರಕ್ಕಿಂತ ಭಾರ. ಬೂಬ ಮೆಟ್ಟಿಲ ಮೇಲೆ ಕೂತು ಬಿಚ್ಚಿದ. ಮೊದಲು ಬೆರಳಿಗೆ ಸಿಕ್ಕಿದ್ದು ಲೋಹ. ಬಾನೆಟ್ಟಿನ ಬಿಲ್ಲೆ. ಎಡದ ಮೂಲೆಯನ್ನು ಅವನು ಕಣ್ಣಿನಿಂದ ನೋಡುವ ಮೊದಲೇ ಹೆಬ್ಬೆರಳು ನೋಡಿತು. ಬೆಸುಗೆಯ ಉಬ್ಬು ಅಲ್ಲಿಯೇ ಇತ್ತು.

ಅದನ್ನು ಪಕ್ಕಕ್ಕಿಟ್ಟು ಸುತ್ತಿದ್ದ ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿದ. ತೊಳೆದು ತೊಳೆದು ಬಿಳಚಿದ ಖಾಕಿ ಅಂಗಿ. ಇಸ್ತ್ರಿಯ ಗೆರೆ ಇನ್ನೂ ಇತ್ತು. ಎಲ್ಲ ಗುಂಡಿಗಳೂ ಖಾಕಿ, ಕೊರಳಿನದ್ದು ಮಾತ್ರ ನೀಲಿ. ಕಿಟ್ಟು ಹಾಕಿಕೊಂಡು ಹೋದ, ಮತ್ತೆ ಕಾಣಲಿಲ್ಲ ಎಂದು ಅವಳು ಬರೆಸಿದ ಅದೇ ಅಂಗಿ.

ಗಾಡಿಯೊಂದು ಕರ್ಜತಿನ ಕಡೆಗೆ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವನು ಆ ಗುಂಡಿಯನ್ನು ಹಿಡಿದುಕೊಂಡಿದ್ದ.

"ಹೋದದ್ದು ಯಾವತ್ತು?" ಎಂದು ಕೇಳಿದ.

"ನಸುಕಿನ್ಯಾಗ್ರಿ. ಮೊದಲನೇ ಗಾಡಿಗೆ."

"ಯಾವ ದಿನ?"

ದ್ರೌಪದಿ ಬೆರಳು ಮಡಿಸಿ ಲೆಕ್ಕ ಹಾಕಿದಳು.

ಬೂಬ ಫೋನ್ ಮಾಡಿದ್ದು ಸೋಮವಾರ ಸಂಜೆ. ಸುಂದರಿ ಹೋದದ್ದು ಮಂಗಳವಾರ.